ಕೆಲಸವಿಲ್ಲದ ದಿನಗಳಿಗೊಂದು ಹಳೆಯ ಲ್ಯಾಪ್‌ಟಾಪ್

ಕೆಲಸ ಹೋದ ಮೊದಲ ವಾರ ಅಷ್ಟೇನೂ ಕಷ್ಟವಿರುವುದಿಲ್ಲ. ವರ್ಷಗಟ್ಟಲೆಯ ನಿದ್ದೆ ಬಾಕಿ ಇರುತ್ತದೆ, ಬ್ಯಾಂಕಿನಲ್ಲಿ ಕೊನೆಯ ಸಂಬಳ ಇರುತ್ತದೆ, ಕಂಪನಿಯನ್ನು ಬೈಯಲು ಫೋನಿನ ಆಚೆ ಜೊತೆಗಾರರೂ ಇರುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಡೊಂಬಿವಲಿಯ ವನ್ ಬಿಎಚ್‌ಕೆಯಲ್ಲಿ ಬೆಳಿಗ್ಗೆ ಎದ್ದವನಿಗೆ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ. ಹಾಲ್‌ನಲ್ಲಿ ಅಪ್ಪನ ಟಿವಿ, ಅಡುಗೆಮನೆಯಲ್ಲಿ ಅಮ್ಮನ ನಿಟ್ಟುಸಿರು. ಲಿಫ್ಟಿನಲ್ಲಿ ಸಿಕ್ಕ ಪಕ್ಕದ ಮನೆಯ ಕಾಕು “ಆಜ್ ಸುಟ್ಟಿ ಆಹೆ ಕಾ?” (ಇವತ್ತು ರಜೆಯಾ?) ಎನ್ನುತ್ತಾರೆ. ಊರಿನಿಂದ ದೊಡ್ಡಮ್ಮನ ಫೋನು: “ಎಂತದಾ, ಕೆಲಸ ಸಿಕ್ಕಿತಾ?” ಕ್ರಮೇಣ ಹಲ್ಲುಜ್ಜುವುದು ಹನ್ನೊಂದಕ್ಕೆ, ಊಟ ಮೂರಕ್ಕೆ, ನಿದ್ದೆ ಬೆಳಗಿನ ಜಾವಕ್ಕೆ ಜಾರುತ್ತದೆ. ಹೊರಗೆ ಲೋಕಲ್ ಓಡುತ್ತಲೇ ಇರುತ್ತದೆ. ನೀವು ಮಾತ್ರ ಅದರಲ್ಲಿಲ್ಲ.

ರೆಸ್ಯುಮೆ ತಿದ್ದುವ ಸಲಹೆ ಎಲ್ಲೆಡೆ ಸಿಗುತ್ತದೆ. ಈ ಲೇಖನ ಇರುವುದು ಒಂದು ಇಂಟರ್‌ವ್ಯೂಗೂ ಇನ್ನೊಂದಕ್ಕೂ ನಡುವೆ ಬೀಳುವ ಉದ್ದನೆಯ, ಖಾಲಿ ದಿನಗಳಿಗಾಗಿ. ದಿನಕ್ಕೊಂದು ಚೌಕಟ್ಟು, ಕಪಾಟಿನ ಮೇಲಿರುವ ಹಳೆಯ ಲ್ಯಾಪ್‌ಟಾಪಿನ ರಿಪೇರಿ, ಒಂದಿಷ್ಟು ನಗು, ಅಗತ್ಯವಿದ್ದರೆ ವೈದ್ಯರು: ಈ ನಾಲ್ಕನ್ನು ಹೇಗೆ ಹೊಂದಿಸಿಕೊಳ್ಳಬಹುದು ಎಂದು ನೋಡೋಣ.

ಮನಸ್ಸು ಏಕೆ ಕುಸಿಯುತ್ತದೆ?

ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಊರು ಒಂದೇ ಒಂದು ಜವಳಿ ಗಿರಣಿಯನ್ನು ನಂಬಿ ಬದುಕಿತ್ತು. ಗಿರಣಿ ಮುಚ್ಚಿದ ಮೇಲೆ ಮನೋವಿಜ್ಞಾನಿ ಮಾರಿ ಯಾಹೋದಾ ಮತ್ತು ಸಂಗಡಿಗರು ಆ ಊರನ್ನು ಅಧ್ಯಯನ ಮಾಡಿ 1933ರಲ್ಲಿ ವರದಿ ಪ್ರಕಟಿಸಿದರು. ಕೈತುಂಬ ಸಮಯವಿದ್ದರೂ ಜನ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕಿಳಿದಿತ್ತು. ಗಂಡಸರು ಬೀದಿಯಲ್ಲಿ ನಿಧಾನವಾಗಿ, ನಿಂತು ನಿಂತು ನಡೆಯುತ್ತಿದ್ದರು. ಹೆಚ್ಚಿನವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಸಂಬಳದ ಜೊತೆಗೆ ನೌಕರಿ ನಮಗೆ ಇನ್ನೂ ಐದನ್ನು ಕೊಡುತ್ತದೆ ಎಂದು ಯಾಹೋದಾ ಮುಂದೆ ವಿವರಿಸಿದರು: ದಿನಕ್ಕೊಂದು ವೇಳಾಪಟ್ಟಿ, ಮನೆಯ ಹೊರಗಿನ ಜನರ ಒಡನಾಟ, ಹಲವರು ಕೂಡಿ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ, ನಿತ್ಯದ ಚಟುವಟಿಕೆ. ಕೆಲಸ ಹೋದ ದಿನ ಈ ಐದೂ ಒಟ್ಟಿಗೆ ಹೋಗುತ್ತವೆ.

ಗಿರಣಿಗಳ ಊರಾಗಿದ್ದ ಮುಂಬಯಿಗೆ ಇದನ್ನು ಹೊರಗಿನವರು ಹೇಳಬೇಕಿಲ್ಲ. 1982ರ ಜನವರಿ 18ರಂದು ಶುರುವಾದ ಜವಳಿ ಮುಷ್ಕರ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ದಿನಚರಿಯನ್ನೇ ಕಿತ್ತುಹಾಕಿತು. ಕನ್ನಡದಲ್ಲಂತೂ 1979ರಲ್ಲೇ ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ ಬಂದಿತ್ತು. ಮುಂಬಯಿಯ ಕಂಪನಿಯೊಂದರಿಂದ ಸಸ್ಪೆಂಡಾದ ನಾಗಪ್ಪನ ತಲೆಯೊಳಗೆ ಸಂಶಯ, ಭಯ, ಅವಮಾನಗಳು ಹೇಗೆ ಹಗಲಿರುಳೂ ಓಡಾಡುತ್ತವೆ ಎಂಬುದನ್ನು ಓದಿದವರು ಬಲ್ಲರು.

ಕೈಗೆ ಕೆಲಸ ಕೊಟ್ಟರೆ ಏನಾಗುತ್ತದೆ?

“ಮನಸ್ಸು ಸರಿಯಾಗಲಿ, ಆಮೇಲೆ ಏನಾದರೂ ಮಾಡುತ್ತೇನೆ” ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಖಿನ್ನತೆಯಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ. ಮನಸ್ಸಿಲ್ಲ ಎಂದು ಕೆಲಸ ಬಿಡುತ್ತೇವೆ. ಕೆಲಸ ಬಿಟ್ಟದ್ದರಿಂದ ಖುಷಿ ಕೊಡುವ ಸಣ್ಣಪುಟ್ಟ ಸಂಗತಿಗಳೂ ನಿಲ್ಲುತ್ತವೆ. ಮನಸ್ಸು ಮತ್ತಷ್ಟು ಕುಸಿಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ ಈ ಸುಳಿಯನ್ನು ವಿವರಿಸಿದರು. ಇದೇ ತಳಹದಿಯ ಮೇಲೆ ಬೆಳೆದ ‘ಬಿಹೇವಿಯರಲ್ ಆಕ್ಟಿವೇಶನ್’ ಚಿಕಿತ್ಸೆಯನ್ನು ಇಂದು ಮನೋವೈದ್ಯರೂ ಆಪ್ತಸಮಾಲೋಚಕರೂ ಬಳಸುತ್ತಾರೆ. ಅದರ ಸಾರ ಇಷ್ಟೇ: ಮನಸ್ಸು ಬರಲೆಂದು ಕಾಯಬೇಡಿ, ಹೊತ್ತು ಗೊತ್ತುಮಾಡಿಕೊಂಡು ಚಿಕ್ಕದೊಂದು ಕೆಲಸ ಮಾಡಿ. ಮನಸ್ಸು ತಡವಾಗಿಯಾದರೂ ಹಿಂದೆ ಬರುತ್ತದೆ.

ಹಾಗಾದರೆ ಕಂಪ್ಯೂಟರ್ ರಿಪೇರಿಯೇ ಏಕೆ? ಕಾರಣ ಮೂರು. ಒಂದು, ಅದು ಉತ್ತರ ಕೊಡುತ್ತದೆ. ಅರ್ಜಿ ಕಳಿಸಿದರೆ ವಾರಗಟ್ಟಲೆ ಸದ್ದಿಲ್ಲ. ಯಂತ್ರ ಮಾತ್ರ ಬೀಪ್ ಎಂದೋ, ಎರರ್ ಎಂದೋ, ಸರಿಯಾಯಿತು ಎಂದೋ ಕೂಡಲೇ ಹೇಳುತ್ತದೆ. ಎರಡು, ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಬಹುದು. ಇವತ್ತು ಫ್ಯಾನಿನ ಧೂಳು, ನಾಳೆ ರ್‍ಯಾಮ್. ಪ್ರತಿ ತುಂಡಿಗೂ ಒಂದು ಕೊನೆಯಿದೆ. ಮೂರು, ಮುಗಿದಾಗ ಯಾರಿಗಾದರೂ ಉಪಯೋಗಕ್ಕೆ ಬರುವ ವಸ್ತು ಕೈಯಲ್ಲಿರುತ್ತದೆ. ನಿಮಗೆ ಹೊಲಿಗೆಯೋ ಕುಂಡದ ಗಿಡವೋ ಇಷ್ಟವಾದರೆ ಅದನ್ನೇ ಮಾಡಿ. ಈ ಮೂರು ಗುಣ ಇದ್ದರೆ ಸಾಕು.

ಮೊದಲು ದಿನಕ್ಕೊಂದು ಚೌಕಟ್ಟು

1. ಏಳುವ ಹೊತ್ತನ್ನು ಮಾತ್ರ ಗಟ್ಟಿಮಾಡಿ. ಮಲಗುವ ಹೊತ್ತು ಮೊದಮೊದಲು ಕೈಯಲ್ಲಿರುವುದಿಲ್ಲ. ಏಳುವ ಹೊತ್ತು ಇರುತ್ತದೆ. ರಾತ್ರಿ ನಿದ್ದೆ ಬರದಿದ್ದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿ.

2. ಎದ್ದ ಒಂದು ಗಂಟೆಯೊಳಗೆ ಮನೆಯಿಂದ ಹೊರಬೀಳಿ. ಹಾಲು, ಪಾವ್, ಪೇಪರ್ ಯಾವ ನೆಪವಾದರೂ ಆದೀತು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹಕ್ಕೆ ಹಗಲು ರಾತ್ರಿಯ ಲೆಕ್ಕ ಮತ್ತೆ ಸಿಗುತ್ತದೆ.

3. ಅರ್ಜಿಗಳಿಗೆ ಎರಡು ಗಂಟೆ ಮೀಸಲಿಡಿ, ಅದೂ ಬೆಳಿಗ್ಗೆಯೇ. ದಿನವಿಡೀ ಪೋರ್ಟಲ್ ತೆರೆದಿಟ್ಟು ಕೂತರೆ ಅರ್ಜಿ ಹೆಚ್ಚುವುದಿಲ್ಲ, ನಿರಾಸೆ ಹೆಚ್ಚುತ್ತದೆ.

4. ಮಧ್ಯಾಹ್ನದ ಊಟದ ನಂತರ ಒಂದೂವರೆ ಗಂಟೆ ಕಂಪ್ಯೂಟರಿನ ಕೆಲಸ. ಅಲಾರಂ ಇಟ್ಟುಕೊಂಡೇ ಶುರುಮಾಡಿ.

5. ಸಂಜೆ ಆಫೀಸಿನವರು ಮರಳುವ ಹೊತ್ತಿಗೆ ಎದೆ ಭಾರವಾಗುವುದು ಸಹಜ. ಆ ಹೊತ್ತಿಗೆ ನಡಿಗೆಯನ್ನೋ ಒಬ್ಬ ಸ್ನೇಹಿತನ ಫೋನನ್ನೋ ಗೊತ್ತುಮಾಡಿಡಿ.

6. ಮಲಗುವ ಮುನ್ನ ಆ ದಿನ ಮಾಡಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದೆ ಮನಸ್ಸಿನ ಸ್ಥಿತಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹಾಕಿ. ಯಾವ ಕೆಲಸದ ದಿನ ಅಂಕ ಏರುತ್ತದೆ ಎಂಬುದು ಕೆಲವು ವಾರಗಳಲ್ಲಿ ತಾನಾಗಿ ಕಾಣುತ್ತದೆ.

ಏಳಲೂ ಆಗದ ದಿನ ಬಂದರೆ? ಪಟ್ಟಿಯನ್ನು ಹರಿಯಬೇಡಿ, ಕುಗ್ಗಿಸಿ. ಸ್ನಾನ, ಊಟ, ಮಹಡಿ ಇಳಿದು ಹತ್ತುವುದು, ಇಷ್ಟಾದರೆ ಆ ದಿನದ ಮಟ್ಟಿಗೆ ಪೂರ್ತಿ ಅಂಕ.

ಹಳೆಯ ಲ್ಯಾಪ್‌ಟಾಪಿಗೆ ಮರುಜೀವ

ಹಳೆಯ ಯಂತ್ರ ನಿಧಾನವಾಗಲು ಬಹುಮಟ್ಟಿಗೆ ಕಾರಣ ಅದರ ಹಾರ್ಡ್ ಡಿಸ್ಕ್. ಅದರೊಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯಿದೆ. ಪ್ರತಿ ಕಡತಕ್ಕೂ ಒಂದು ಮುಳ್ಳು ಅಲ್ಲಿಂದಿಲ್ಲಿಗೆ ಓಡಬೇಕು. ಅದರ ಬದಲಿಗೆ ಹಾಕುವ ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ಚಲಿಸುವ ಭಾಗವೇ ಇಲ್ಲ. ಆದ್ದರಿಂದಲೇ ಪ್ರೊಸೆಸರ್ ಮುಟ್ಟದೆ, ಡಿಸ್ಕ್ ಒಂದನ್ನೇ ಬದಲಿಸಿದರೂ ಯಂತ್ರ ಬೇರೆಯದೇ ಅನ್ನಿಸುತ್ತದೆ. ಎರಡನೆಯ ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಹಳಷ್ಟು ಹಳೆಯ ಯಂತ್ರಗಳನ್ನು ಒಪ್ಪುವುದೇ ಇಲ್ಲ. ಅಂಥವಕ್ಕೆ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಸಲೀಸು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 2 ಜಿಬಿ ರ್‍ಯಾಮ್‌ನಲ್ಲೂ ಏಳುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಹಣ ಕೊಡಬೇಕಿಲ್ಲ.

ಕೆಳಗಿನ ಹಂತಗಳನ್ನು ದಿನಕ್ಕೊಂದೋ ಎರಡೋ ಎಂದು ಇಟ್ಟುಕೊಳ್ಳಿ. ಒಂದೇ ದಿನ ಮುಗಿಸುವ ಹಟ ಬೇಡ. ಬೇಗ ಮುಗಿದರೆ ನಾಳೆ ಏಳಲು ನೆಪವಿರುವುದಿಲ್ಲ.

1. ಬ್ಯಾಕಪ್. ಫೋಟೋಗಳು, ಸಂಬಳದ ಚೀಟಿಗಳು, ಫಾರ್ಮ್ 16, ರಿಲೀವಿಂಗ್ ಲೆಟರ್, ಪಿಎಫ್ ಕಾಗದ, ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ. ನಕಲಾದ ಕಡತಗಳು ತೆರೆಯುತ್ತವೆಯೇ ನೋಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಮತ್ತೆ ತೆರೆಯಲಾಗದೇ ಹೋದೀತು.

2. ಬಿಚ್ಚುವುದು. ಚಾರ್ಜರ್ ಕೀಳಿ, ಬ್ಯಾಟರಿ ಹೊರತೆಗೆಯುವಂಥದಾದರೆ ಅದನ್ನೂ ತೆಗೆಯಿರಿ. ಒಳಗೇ ಕೂತ ಬ್ಯಾಟರಿಯಾದರೆ ಮುಚ್ಚಳ ತೆರೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನೂ ಅದರ ಜಾಗದಲ್ಲೇ ಸೆಲ್ಲೋಟೇಪಿನಿಂದ ಅಂಟಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ; ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಬೋರ್ಡಿಗೇ ಚುಚ್ಚೀತು.

3. ಧೂಳು. ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದು ಮೆತ್ತನೆಯ ಬ್ರಶ್ಶಿನಿಂದ ಗುಡಿಸಿ. ಬಾಯಿಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಎನ್ನುವಂತೆ ಮತ್ತೆ ಕೂರಿಸಿ. ಮಳೆಗಾಲದ ತೇವಕ್ಕೆ ಅಂಚಿನ ಮೇಲೆ ಪೊರೆ ಕಟ್ಟಿ ಯಂತ್ರ ಏಳದೇ ಇರುವುದುಂಟು. ಕೆಲವೊಮ್ಮೆ ರಿಪೇರಿ ಇಲ್ಲಿಗೇ ಮುಗಿಯುತ್ತದೆ. ಯಂತ್ರದ ತಾರೀಖು ಪ್ರತಿ ಸಲವೂ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ. ಹೆಚ್ಚಿನವುಗಳಲ್ಲಿ ಅದು ಸಿಆರ್ 2032.

4. ಡಿಸ್ಕ್ ಬದಲಾವಣೆ. ಹಳೆಯ ಡಿಸ್ಕನ್ನು ಅಳಿಸಬೇಡಿ. ಹೊರತೆಗೆದು, ತಾರೀಖು ಬರೆದು ಎತ್ತಿಡಿ. ಹೊಸ ಎಸ್‌ಎಸ್‌ಡಿಯಲ್ಲಿ ಏನು ಎಡವಟ್ಟಾದರೂ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಮೊದಲಿನ ಸ್ಥಿತಿಗೆ ಮರಳಬಹುದು. ಈ ಒಂದು ಭರವಸೆ ಇದ್ದರೆ ತಪ್ಪು ಮಾಡಲು ಹೆದರಿಕೆಯಿರುವುದಿಲ್ಲ.

5. ಪೆನ್ ಡ್ರೈವ್ ತಯಾರಿ. ಬೇರೊಂದು ಕಂಪ್ಯೂಟರಿನಲ್ಲಿ ಮಿಂಟ್‌ನ ಐಎಸ್‌ಒ ಕಡತ ಇಳಿಸಿಕೊಳ್ಳಿ. ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಚೆಕ್‌ಸಮ್ ಹೊಂದುತ್ತದೆಯೇ ನೋಡಿ. ಅರ್ಧ ಇಳಿದ ಕಡತ ಆಮೇಲೆ ಅರ್ಥವಾಗದ ಎರರ್‌ಗಳನ್ನು ಕೊಡುತ್ತದೆ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿ ಪೆನ್ ಡ್ರೈವಿಗೆ ಬರೆಯಿರಿ. ಪೆನ್ ಡ್ರೈವಿನಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

6. ಪರೀಕ್ಷೆ, ಆಮೇಲೆ ಇನ್‌ಸ್ಟಾಲ್. ಯಂತ್ರ ಚಾಲೂ ಮಾಡುತ್ತಲೇ ಬೂಟ್ ಮೆನು ಕೀಲಿ ಒತ್ತಿ. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಮಿಂಟ್ ಮೊದಲು ಪೆನ್ ಡ್ರೈವಿನಿಂದಲೇ ಓಡುತ್ತದೆ. ವೈಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೇ ನೋಡಿ. ಇದ್ದರೆ ಮಾತ್ರ ಇನ್‌ಸ್ಟಾಲ್ ಒತ್ತಿ. ನಡುವೆ ಕಂಪ್ಯೂಟರಿಗೊಂದು ಹೆಸರು ಕೇಳುತ್ತದೆ. ಹಳೆಯ ಮ್ಯಾನೇಜರರ ಹೆಸರಿಡಬೇಡಿ, ಪ್ರತಿ ಸಲ ಚಾಲೂ ಮಾಡುವಾಗಲೂ ಸಿಟ್ಟು ಬರುತ್ತದೆ.

7. ಕನ್ನಡ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ ಕಗಪ’ ವಿನ್ಯಾಸ ಆರಿಸಿ. ಇದರ ಬೇರು ಇರುವುದು ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ. ದಕ್ಷಿಣ ಕನ್ನಡದ ಕಿನ್ನಿಕಂಬಳದ ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1960ರಲ್ಲಿ ಟಿಫ್‌ರ್‍ಯಾಕ್ ಎಂಬ ಸ್ವದೇಶಿ ಕಂಪ್ಯೂಟರ್ ಚಾಲನೆಗೊಂಡದ್ದೂ ಅದೇ ಸಂಸ್ಥೆಯಲ್ಲಿ. ಅಮ್ಮನಿಗೋ ಅಪ್ಪನಿಗೋ ಈ ಕೀಲಿಮಣೆ ಕಲಿಸಿ ನೋಡಿ. ಮನೆಯಲ್ಲಿ ಕೆಲಸದ ಹೊರತಾಗಿ ಮಾತಾಡಲು ಒಂದು ವಿಷಯ ಹುಟ್ಟುತ್ತದೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುನ್ನ

ಬಿಡಿಭಾಗಗಳಿಗೆ ಮುಂಬಯಿಯಲ್ಲಿ ಹೆಸರಾದದ್ದು ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರೋಡ್. ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂಬ ಅಧಿಕೃತ ಹೆಸರು ಹೇಳಿದರೆ ಟ್ಯಾಕ್ಸಿಯವನೂ ಒಂದು ಕ್ಷಣ ಯೋಚಿಸುತ್ತಾನೆ. ಹತ್ತು ರೂಪಾಯಿಯ ತಂತಿಯಿಂದ ಸರ್ವರ್‌ವರೆಗೆ ಎಲ್ಲವೂ ಸಿಗುವ ರಸ್ತೆ. ಹೋಗಿಬರುವುದೇ ಒಂದು ದಿನದ ಕೆಲಸವಾದ್ದರಿಂದ ನಮ್ಮ ಚೌಕಟ್ಟಿಗೂ ಅದು ಹೊಂದುತ್ತದೆ. ಆದರೂ ಕೆಲವು ಎಚ್ಚರಿಕೆಗಳು:

1. ಬೆಳಗಿನ ಗರ್ದಿ ಇಳಿದ ಮೇಲೆ ಹೊರಡಿ. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ.

2. ಹಳೆಯ ರ್‍ಯಾಮನ್ನು ಜೇಬಿನಲ್ಲಿ ಒಯ್ಯಿರಿ. ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಡಿಡಿಆರ್3ರಲ್ಲೇ ಕಡಿಮೆ ವೋಲ್ಟೇಜಿನದು ಬೇರೆಯಿದೆ. ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಲೇಸು.

3. ಆನ್‌ಲೈನ್ ಬೆಲೆ ಮೊದಲೇ ನೋಡಿಕೊಳ್ಳಿ. ಬಿಲ್ ಇಲ್ಲದೆ ಎಸ್‌ಎಸ್‌ಡಿ ಕೊಳ್ಳಬೇಡಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಸಿಗುವುದು ಅದರಿಂದಲೇ.

4. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ 1 ಟಿಬಿ, 2 ಟಿಬಿ ಪೆನ್ ಡ್ರೈವ್‌ಗಳನ್ನು ನಂಬಬೇಡಿ. ಹೊರಗೆ ಬರೆದಷ್ಟು ಜಾಗ ಒಳಗಿರುವುದಿಲ್ಲ. ತುಂಬಿದಂತೆ ಹಳೆಯ ಕಡತಗಳು ಕೆಡುತ್ತ ಹೋಗುತ್ತವೆ.

5. ಪಟ್ಟಿ ಬರೆದುಕೊಂಡು, ಅಷ್ಟೇ ದುಡ್ಡು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಂಬಳವಿಲ್ಲದಾಗ ಅಂಗಡಿಯವನ “ಲೇ ಲೋ ಭಾಯ್, ಲಾಸ್ಟ್ ಪೀಸ್” ಎಂಬ ಮಾತು ದುಬಾರಿಯಾದೀತು.

ಇವನ್ನು ಮುಟ್ಟಬೇಡಿ

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ರಿಪೇರಿಯವರಿಗೆ ಕೊಡಿ. ಡೆಸ್ಕ್‌ಟಾಪಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ತೆರೆಯಬೇಡಿ. ವಯರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮಳೆಯಲ್ಲಿ ನೆನೆದ ಯಂತ್ರವನ್ನು “ಓಡುತ್ತದೋ ನೋಡೋಣ” ಎಂದು ಚಾಲೂ ಮಾಡುವುದೂ ಬೇಡ. ಬಿಚ್ಚಿ, ಪೂರ್ತಿ ಒಣಗಿದ ಮೇಲೆ ಮಾತ್ರ ನೋಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ ಅದಕ್ಕೆ ಸ್ಕ್ರೂಡ್ರೈವರ್ ತಾಗಿಸದೆ ಹಿಂದಿರುಗಿಸಿ, ರಸೀದಿ ಪಡೆಯಿರಿ.

ನಗುವಿನ ಬಳಕೆ

1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆ ಹುಟ್ಟುಹಾಕಿದ ರಾಶಿ ವೃತ್ತಿಯಲ್ಲಿ ವೈದ್ಯರು. ಮುಂದೆ ಮುಂಬಯಿಯ ಪತ್ರಿಕೆಯಲ್ಲಿ ‘ಕಾಮನ್ ಮ್ಯಾನ್’ ಬರೆದು ಮನೆಮಾತಾದ ಆರ್.ಕೆ. ಲಕ್ಷ್ಮಣ್ ಕೊರವಂಜಿಗೂ ಚಿತ್ರ ಬರೆದಿದ್ದರು. ಅದೇ ರಾಶಿಯವರಿಗೆ, ಅಂದರೆ ಡಾ. ಎಂ. ಶಿವರಾಂ ಅವರಿಗೆ, 1976ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಮನಮಂಥನ’ ಎಂಬ ಮನೋವಿಜ್ಞಾನದ ಪುಸ್ತಕಕ್ಕೆ. ನಗಿಸುವವರೇ ಮನೋರೋಗದ ಬಗ್ಗೆಯೂ ಬರೆದ ನೆಲ ನಮ್ಮದು.

ನಗುವಿನಲ್ಲೂ ಬಗೆಗಳಿವೆ. ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕಾಗಿ ವಿಂಗಡಿಸಿದರು. ನಮಗೆ ಮುಖ್ಯವಾದವು ಎರಡು. ಕಷ್ಟದ ವಿಚಿತ್ರ ಮುಖವನ್ನು ಕಂಡು ನಕ್ಕು ಹಗುರಾಗುವುದು ಒಂದು. ನಾಲ್ವರು ನಗಲೆಂದು ತನ್ನನ್ನೇ ಹೀಗಳೆದುಕೊಳ್ಳುವುದು ಇನ್ನೊಂದು. ಮೊದಲನೆಯದು ಆಸರೆ, ಎರಡನೆಯದು ಕುಗ್ಗಿದ ಮನಸ್ಸಿನೊಂದಿಗೆ ಜೊತೆಜೊತೆಯಾಗಿ ಕಾಣಿಸಿಕೊಳ್ಳುವಂಥದು. ಬಳಸುವುದು ಹೀಗೆ:

1. ಪದೇಪದೇ ಬರುವ ಪ್ರಶ್ನೆಗಳಿಗೆ ಉತ್ತರ ತಯಾರಿಟ್ಟುಕೊಳ್ಳಿ. ಕಾಕುವಿಗೆ: “ಹೌದು ಕಾಕು, ಕಂಪನಿಗೇ ನನ್ನಿಂದ ಸುಟ್ಟಿ ಬೇಕಿತ್ತಂತೆ.” ದೊಡ್ಡಮ್ಮನಿಗೆ: “ಸಿಕ್ಕಿದ ದಿನ ಮೊದಲ ಫೋನು ನಿಮಗೇ ದೊಡ್ಡಮ್ಮ. ಅಲ್ಲಿಯವರೆಗೆ ಹಪ್ಪಳದ ವಿಷಯ ಮಾತಾಡುವ.” ಉತ್ತರ ಕೈಯಲ್ಲಿದ್ದರೆ ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಬೇಕಿಲ್ಲ.

2. ದಿನದ ಒಂದು ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಇವತ್ತಿನ ತಮಾಷೆ. ಹತ್ತು ವರ್ಷದ ಅನುಭವ ಕೇಳಿ ಫ್ರೆಶರ್ ಸಂಬಳ ಹೇಳಿದ ಜಾಹೀರಾತು, “ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಒಂದು ಕೀ ಒತ್ತಿ” ಎಂದು ಅಪ್ಪಣೆ ಕೊಟ್ಟ ಯಂತ್ರ, ಏನಾದರೂ ಸಿಕ್ಕೇ ಸಿಗುತ್ತದೆ.

3. ತಮಾಷೆಯಾದ ಮೇಲೆ ಎದೆ ಹಗುರಾಯಿತೋ ಭಾರವಾಯಿತೋ ಗಮನಿಸಿ. “ನನ್ನಂಥ ದಂಡಪಿಂಡ” ಎಂಬ ಜಾಡಿನ ಜೋಕು ದಿನವೂ ಬರುತ್ತಿದ್ದರೆ ನಿಲ್ಲಿಸಿ.

4. ಮನೆಯವರಿಗೊಂದು ಮಾತು: “ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ” ಎಂದು ಯಾರಾದರೂ ನಗುತ್ತಾ ಹೇಳಿದರೂ ನಗಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ. ಕೇಳುವುದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ನಾಲ್ಕು ಜನರ ನಡುವೆ

ಮನೆಯ ಯಂತ್ರ ಎದ್ದು ಕೂತ ಮೇಲೆ ವಾರಕ್ಕೊಂದು ಮಧ್ಯಾಹ್ನ ಆ ಕೈಚಳಕವನ್ನು ಹೊರಗೆ ಒಯ್ಯಿರಿ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಮುಂಬಯಿಯ ಉದ್ದಕ್ಕೂ ಕನ್ನಡ ಸಂಘಗಳಿವೆ, ಸಮುದಾಯದ ಸಂಸ್ಥೆಗಳಿವೆ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಊರಿನ ಹುಡುಗರು ರಾತ್ರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದದ್ದು ಇಂಥ ಸಂಸ್ಥೆಗಳ ಆಸರೆಯಲ್ಲೇ. ನಿಮ್ಮ ಹತ್ತಿರದ ಸಂಘದ ಕಚೇರಿಗೆ ಹೋಗಿ ಕೇಳಿ ನೋಡಿ. ಹಳೆಯ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ವರದಿಗಳು ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿದ್ದರೆ ಹೊಸ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ತಪ್ಪಿದ್ದನ್ನು ಕೂತು ತಿದ್ದುವವರು ಬೇಕು. ಆ ಕೆಲಸ ವಾರದಲ್ಲಿ ಮೂರು ಗಂಟೆ ಮಾಡಿ. ಗೊತ್ತುಮಾಡಿದ ದಿನ ನಿಮಗಾಗಿ ಯಾರೋ ಕಾಯುತ್ತಿರುತ್ತಾರೆ. ಯಾಹೋದಾ ಹೇಳಿದ ಐದರಲ್ಲಿ ಒಡನಾಟ, ಗುರಿ, ಚಟುವಟಿಕೆ ಮೂರೂ ಒಟ್ಟಿಗೆ ಮರಳುತ್ತವೆ. ಅಲ್ಲೇ ಒಂದು ಕೆಲಸದ ಸುದ್ದಿಯೂ ಕಿವಿಗೆ ಬಿದ್ದೀತು. ಅದನ್ನೇ ನಂಬಿ ಹೋಗಬೇಡಿ, ಅಷ್ಟೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ರಾತ್ರಿಯ ರಿಪೇರಿ. “ಇದೊಂದು ಎರರ್ ಬಗೆಹರಿಸಿ ಮಲಗುತ್ತೇನೆ” ಎಂದವರು ಮೊದಲ ಲೋಕಲ್‌ನ ಸದ್ದಿಗೆ ತಲೆ ಎತ್ತುತ್ತಾರೆ. ರಾತ್ರಿ ಹತ್ತಕ್ಕೆ ಯಂತ್ರ ಬಂದ್. ಎರರ್ ಬೆಳಿಗ್ಗೆಯೂ ಅಲ್ಲೇ ಇರುತ್ತದೆ.

2. ವಾರಕ್ಕೊಂದು ಲಿನಕ್ಸ್. ಮಿಂಟ್ ಹಾಕಿ, ಅದನ್ನು ತೆಗೆದು ಮತ್ತೊಂದು, ಅದನ್ನೂ ತೆಗೆದು ಇನ್ನೊಂದು. ಅರ್ಜಿ ಬರೆಯುವುದರಿಂದ ತಪ್ಪಿಸಿಕೊಳ್ಳಲು ಇದೊಂದು ಘನವಾದ ನೆಪ. ಒಂದನ್ನು ಹಾಕಿ, ಮೂರು ತಿಂಗಳು ಮುಟ್ಟಬೇಡಿ.

3. ಇರುವ ಒಂದೇ ಯಂತ್ರದ ಮೇಲೆ ಪ್ರಯೋಗ. ನಾಳೆ ವಿಡಿಯೋ ಇಂಟರ್‌ವ್ಯೂ ಇದ್ದರೆ ಇವತ್ತು ಏನನ್ನೂ ಬಿಚ್ಚಬೇಡಿ, ಅಪ್‌ಡೇಟ್ ಕೂಡ ಬೇಡ.

4. ಸೊಸೈಟಿಗೆಲ್ಲ ಪುಕ್ಕಟೆ ಮೆಕ್ಯಾನಿಕ್. ಒಬ್ಬರ ಪ್ರಿಂಟರ್ ಸರಿಮಾಡಿದರೆ ಮರುದಿನ ಐದು ಮನೆಯ ಬೆಲ್ ನಿಮ್ಮನ್ನೇ ಕರೆಯುತ್ತದೆ. ಬಿಡಿಭಾಗದ ದುಡ್ಡನ್ನು ಮೊದಲೇ ಪಡೆಯಿರಿ, ಕೂಲಿಯನ್ನೂ ಸಂಕೋಚವಿಲ್ಲದೆ ಹೇಳಿ. ಮತ್ತೊಬ್ಬರ ಯಂತ್ರವನ್ನು ಬ್ಯಾಕಪ್ ಇಲ್ಲದೆ ಮುಟ್ಟಬೇಡಿ.

5. ಬೇಸರಕ್ಕೆ ಕುಡಿತ. ಮದ್ಯ ಆ ಹೊತ್ತಿಗೆ ನಿದ್ದೆ ತರಿಸಿದಂತೆ ಕಂಡರೂ ನಡುರಾತ್ರಿ ಎಬ್ಬಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ.

6. ಮುಂಗಡ ಕೇಳುವ ನೌಕರಿ. ರಿಜಿಸ್ಟ್ರೇಷನ್ ಫೀ, ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ದುಡ್ಡು ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಟೆಲಿಗ್ರಾಂನಲ್ಲಿ ವಿಡಿಯೋ ಲೈಕ್ ಮಾಡಿಸಿ ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ಸಾವಿರಗಟ್ಟಲೆ ಹಾಕಿಸುವವರೂ ಇದೇ ಜಾತಿ. ಮೋಸಹೋದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವೈದ್ಯರ ಬಳಿ ಯಾವಾಗ?

ಸ್ಕ್ರೂಡ್ರೈವರ್ ಔಷಧವಲ್ಲ. ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದೂ ಸಪ್ಪೆ ಎನಿಸಿದರೆ, ಜೊತೆಗೆ ನಿದ್ದೆ ಅಥವಾ ಹಸಿವು ಏರುಪೇರಾಗಿ, ಆಯಾಸ, ಗಮನವಿಲ್ಲದಿರುವುದು, ತಾನು ಯಾವುದಕ್ಕೂ ಬಾರದವನೆಂಬ ಭಾವ ಕಾಡುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ಥೈರಾಯ್ಡ್ ತೊಂದರೆ, ಬಿ12 ಕೊರತೆಗಳೂ ಹೀಗೇ ಕಾಣಿಸುವುದುಂಟು. ವೈದ್ಯರು ಅದನ್ನೂ ನೋಡುತ್ತಾರೆ.

ದುಡ್ಡಿಲ್ಲ ಎಂದು ಮುಂದೂಡಬೇಡಿ. ಪರೇಲ್‌ನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಇವು ಮಹಾನಗರಪಾಲಿಕೆಯ ಆಸ್ಪತ್ರೆಗಳು. ಮನೋರೋಗ ವಿಭಾಗ ಮೂರರಲ್ಲೂ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಸಾಲು ಉದ್ದವಿರುತ್ತದೆ, ಜೊತೆಗೊಬ್ಬರಿದ್ದರೆ ಒಳ್ಳೆಯದು. ಮಾತ್ರೆ ಬರೆದುಕೊಟ್ಟರೆ ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ನಾಲ್ಕು ದಿನ ನೋಡಿ “ಏನೂ ಆಗಲಿಲ್ಲ” ಎಂದಾಗಲಿ, ಚೆನ್ನಾಗಾದೆ ಎಂದಾಗಲಿ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮಾತಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸುವ ಐಕಾಲ್ ಕೂಡ ಫೋನಿನಲ್ಲಿ ಆಪ್ತಸಮಾಲೋಚನೆ ಕೊಡುತ್ತದೆ. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರದ ಲೆಕ್ಕ ಬೇಡ. ಒಬ್ಬರೇ ಇರಬೇಡಿ, ಆ ಕ್ಷಣವೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅಪಾಯ ಹತ್ತಿರವಿದೆ ಎನಿಸಿದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಸಮೀಪದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೊದಲ ವಾರದ ಪಟ್ಟಿ

ಇಷ್ಟೆಲ್ಲ ಓದಿ ಎಲ್ಲಿಂದ ಶುರುಮಾಡುವುದೆಂದು ಗೊಂದಲವಾದರೆ ಇದನ್ನು ಗೋಡೆಗೆ ಅಂಟಿಸಿ:

ಸೋಮವಾರ: ಏಳುವ ಹೊತ್ತು ಗೊತ್ತುಮಾಡಿ. ಹಳೆಯ ಲ್ಯಾಪ್‌ಟಾಪ್ ಕಪಾಟಿನಿಂದ ಇಳಿಸಿ, ಅದರ ಚಾರ್ಜರ್ ಹುಡುಕಿ. ಆ ದಿನಕ್ಕೆ ಅಷ್ಟೇ ಕೆಲಸ.

ಮಂಗಳವಾರ: ಬ್ಯಾಕಪ್.

ಬುಧವಾರ: ಬಿಚ್ಚಿ, ಧೂಳು ತೆಗೆದು, ಮುಚ್ಚಿ.

ಗುರುವಾರ: ಒಬ್ಬ ಸ್ನೇಹಿತನಿಗೋ ಸಂಘದ ಕಚೇರಿಗೋ ಫೋನು.

ಶುಕ್ರವಾರ: ಪೆನ್ ಡ್ರೈವ್ ತಯಾರಿಸಿ, ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ.

ಶನಿವಾರ: ಎಸ್‌ಎಸ್‌ಡಿ ಬೇಕೇ, ಬೇಡವೇ ಲೆಕ್ಕ ಹಾಕಿ. ಬೇಡವೆನಿಸಿದರೆ ದುಡ್ಡು ಉಳಿಯಿತು.

ಭಾನುವಾರ: ಕಂಪ್ಯೂಟರ್ ಮುಟ್ಟಬೇಡಿ. ಕೆಲಸವಿಲ್ಲದವರಿಗೂ ವಾರಕ್ಕೊಂದು ರಜೆ ಬೇಕು. ವಾರದ ಅಂಕಗಳ ಮೇಲೆ ಕಣ್ಣಾಡಿಸಿ. ಏರುವುದು ಹಾಗಿರಲಿ, ದಿನದಿನವೂ ಇಳಿಯುತ್ತಿದ್ದರೆ ಮುಂದಿನ ಸೋಮವಾರದ ಮೊದಲ ಸಾಲಿನಲ್ಲಿ ಲ್ಯಾಪ್‌ಟಾಪಿನ ಬದಲು ಆಸ್ಪತ್ರೆಯ ಹೆಸರು ಬರೆಯಿರಿ. ನಡುವೆ ಎರಡು ದಿನ ತಪ್ಪಿದರೆ ಪಟ್ಟಿಯನ್ನು ಮೊದಲಿನಿಂದ ಶುರುಮಾಡಬೇಡಿ, ತಪ್ಪಿದಲ್ಲಿಂದಲೇ ಮುಂದುವರಿಸಿ.